ಹಗುರವಾಗಿರಲಿ ಪಿಕಪ್‌ನ ಹಾಸು

ಗೊಬ್ಬರದ ಚೀಲ ಹರಿದು ಒಂದು ಹಿಡಿ ಹರಳು ಪಿಕಪ್ ಬಾಡಿಯ ಮೂಲೆ ಸೇರಿತೆಂದರೆ ತುಕ್ಕು ಅಲ್ಲಿಂದಲೇ ಶುರು. ಯೂರಿಯಾ ಗಾಳಿಯಲ್ಲಿನ ತೇವವನ್ನು ತಾನಾಗಿಯೇ ಹೀರಿ ಕರಗುತ್ತದೆ. ಪೊಟ್ಯಾಷ್ ಇನ್ನೂ ಕೆಟ್ಟದ್ದು. ಅದು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಬಳಗದ್ದೇ ಲವಣ. ಹರಳು ಕರಗಿದ ನೀರು ತಗಡಿನ ಮಡಿಕೆಯೊಳಗೆ ಇಳಿದ ಮೇಲೆ ಹೊರಗೆ ಎಷ್ಟು ಬಣ್ಣ ಬಳಿದರೂ ಕಬ್ಬಿಣ ಒಳಗಿನಿಂದಲೇ ಸವೆಯುತ್ತಾ ಹೋಗುತ್ತದೆ. ಮುಂಗಾರಿನಲ್ಲಿ ಗೊಬ್ಬರ ಹೊತ್ತ ಅದೇ ಗಾಡಿ ಆಮೇಲೆ ಕೋಳಿಗೊಬ್ಬರ ಹೊರುತ್ತದೆ, ಮೆಕ್ಕೆಜೋಳ ಹೊರುತ್ತದೆ, ಹಸಿ ಅಡಿಕೆ ಗೊನೆ, ಭತ್ತದ ಹುಲ್ಲು, ಒಮ್ಮೊಮ್ಮೆ ಸಂತೆಗೆ ಹೋಗುವ ದನ. ಹುಲ್ಲಿನ ಚೂರು, ಜೋಳದ ಹೊಟ್ಟು ಬಾಡಿಯ ಅಂಚಿನಲ್ಲಿ ಸಿಕ್ಕಿಕೊಂಡು ಮಳೆನೀರನ್ನು ವಾರಗಟ್ಟಲೆ ಹಿಡಿದಿಟ್ಟುಕೊಳ್ಳುತ್ತವೆ.

ದಾವಣಗೆರೆ ಕಡೆಯ ಲೋಕಿಕೆರೆಯಂಥ ಊರಿನ ಪಿಕಪ್‌ಗಳ ಕಥೆ ಇದೇ. ಎಂಜಿನ್ ಗಟ್ಟಿಯಾಗಿಯೇ ಇರುತ್ತದೆ, ಗೇರ್‌ಬಾಕ್ಸ್‌ಗೂ ತೊಂದರೆಯಿಲ್ಲ, ಹಿಂದಿನ ಬಾಡಿ ಮಾತ್ರ ಜರಡಿಯಾಗಿರುತ್ತದೆ. ಇಲ್ಲವೆ ಯಾವುದೋ ಟ್ರ್ಯಾಕ್ಟರ್ ಟ್ರೈಲರ್ ಗುದ್ದಿ ಒಂದು ಮಗ್ಗುಲು ನಜ್ಜುಗುಜ್ಜಾಗಿ, ಡೋರಿನ ಕೊಂಡಿ ಹಾಕಲು ಬಾರದಂತಾಗಿರುತ್ತದೆ. ಆಗ ಮಾಲೀಕರ ಮುಂದೆ ಮೂರು ದಾರಿ: ಇದ್ದುದಕ್ಕೇ ತಗಡು ಬೆಸೆಸುವುದು, ಕಂಪನಿಯ ಹೊಸ ಬಾಡಿ ತರಿಸುವುದು, ಅಥವಾ ತೊಟ್ಟಿಯಂಥ ಹಳೆಯ ಬಾಡಿಯನ್ನೇ ಇಳಿಸಿ ಅದರ ಜಾಗದಲ್ಲಿ ಸಪಾಟಾದ ಫ್ಲ್ಯಾಟ್‌ಬೆಡ್ ಕೂರಿಸುವುದು. ಈ ಮೂರನೆಯದನ್ನು ನಮ್ಮ ಕಡೆಯ ರೈತರು ಗಂಭೀರವಾಗಿ ಯೋಚಿಸಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಅದನ್ನು ಮಾಡಿಸುವ ರೀತಿಯಲ್ಲಿ ಒಂದು ತಪ್ಪು ಮತ್ತೆ ಮತ್ತೆ ನಡೆಯುತ್ತಿದೆ. ಈ ಬರಹದ ಬಹುಪಾಲು ಅದರ ಬಗ್ಗೆ.

ಫ್ಲ್ಯಾಟ್‌ಬೆಡ್ ನಮಗೆ ಹೊಸದೇನಲ್ಲ, ಎತ್ತಿನ ಬಂಡಿ ಅದೇ ಆಗಿತ್ತು. ಕೆಳಗೆ ಸಪಾಟು ಹಾಸು, ಅಂಚಿನಲ್ಲಿ ಬೇಕೆಂದಾಗ ನಿಲ್ಲಿಸಿ ಬೇಡವೆಂದಾಗ ಕಿತ್ತಿಡುವ ಗೂಟ. ಹುಲ್ಲು ಹೇರುವಾಗ ಗೂಟ ಉದ್ದ, ಚೀಲ ಹೇರುವಾಗ ಗಿಡ್ಡ, ಮರದ ದಿಮ್ಮಿಗೆ ಗೂಟವೇ ಇಲ್ಲ. ಸರಕಿಗೆ ತಕ್ಕಂತೆ ಬಂಡಿ ರೂಪ ಬದಲಿಸುತ್ತಿತ್ತು. ತೊಟ್ಟಿ ಬಾಡಿಗೆ ಆ ಗುಣವಿಲ್ಲ. ಅದರಲ್ಲೂ ಡಬಲ್ ಕ್ಯಾಬಿನ್ ಪಿಕಪ್‌ಗಳ ಬಾಡಿಯಲ್ಲಿ ಚಕ್ರದ ಗೂನು ಒಳಕ್ಕೆ ಚಾಚಿಕೊಂಡು ಎರಡೂ ಬದಿಯ ಜಾಗ ತಿನ್ನುತ್ತದೆ. ಹಾಸು ಚಕ್ರದ ಮೇಲಕ್ಕೆ ಬಂದರೆ ಆ ಜಾಗವೆಲ್ಲ ಮರಳಿ ಸಿಗುತ್ತದೆ, ಮೂರು ಕಡೆಯಿಂದಲೂ ಹೇರಬಹುದು, ಇಳಿಸಬಹುದು. ಆಸ್ಟ್ರೇಲಿಯಾದಲ್ಲಿ ಕೃಷಿಕರು ಗಾಡಿಯನ್ನು ಬರೀ ಕ್ಯಾಬಿನ್ ಮತ್ತು ಚಾಸಿಯಾಗಿ ಕೊಂಡು, ಅದರ ಮೇಲೆ ಅಲ್ಯೂಮಿನಿಯಂ ಹಾಸು ಕೂರಿಸಿಕೊಳ್ಳುವುದು ತೀರಾ ಸಾಮಾನ್ಯ. ಇಸುಜು ಕಂಪನಿ ಭಾರತದಲ್ಲೇ ಡಿ-ಮ್ಯಾಕ್ಸ್ ಗಾಡಿಯನ್ನು ಫ್ಲ್ಯಾಟ್ ಡೆಕ್ ರೂಪದಲ್ಲಿ ಮಾರಿದೆ.

ಒಂದು ನಷ್ಟವಿದೆ, ಅದನ್ನೂ ಹೇಳಬೇಕು. ಗೂನಿರುವ ಬಾಡಿಯಿಂದ ಸಪಾಟು ಹಾಸಿಗೆ ಬಂದಾಗ ನೆಲದಿಂದ ಹಾಸಿನ ಎತ್ತರ ಹೆಚ್ಚುತ್ತದೆ. ಆ ಪ್ರತಿ ಇಂಚಿನ ಬೆಲೆ ತೆರುವುದು ಹಮಾಲರ ಹೆಗಲು ಮತ್ತು ಸೊಂಟ. ದಿನವಿಡೀ ಚೀಲ ಎತ್ತುವವರಿಗೆ ನಾಲ್ಕು ಇಂಚು ಸಣ್ಣ ವಿಷಯವಲ್ಲ. ಪೂರ್ತಿ ಭಾರಕ್ಕೆ ಪಾಟಾ ಸ್ಪ್ರಿಂಗ್ ಕುಸಿದು, ಗುಂಡಿಗೆ ಬಿದ್ದಾಗಲೂ ಟಯರ್ ಹಾಸಿಗೆ ತಾಗಬಾರದು, ಅಷ್ಟು ಎತ್ತರ ಬೇಕೇ ಬೇಕು. ಅದಕ್ಕಿಂತ ಹೆಚ್ಚು ಎತ್ತರಿಸುವುದರಲ್ಲಿ ಅರ್ಥವಿಲ್ಲ.

ಈಗ ಆ ತಪ್ಪಿನ ಮಾತು. ಬಾಡಿ ಕಟ್ಟುವ ಶೆಡ್ಡಿಗೆ ಹೋದ ಗಿರಾಕಿ ಮೊದಲು ಹೇಳುವ ಮಾತು, ‘ದಪ್ಪ ತಗಡು ಹಾಕಿ, ಗಟ್ಟಿ ಇರಲಿ, ಇನ್ನು ಹತ್ತು ವರ್ಷ ನೋಡಬಾರದು.’ ಶೆಡ್ಡಿನವರು ಕೇಳಿದ್ದನ್ನು ಕೊಡುತ್ತಾರೆ. ಕಬ್ಬಿಣದ ತಗಡು ಒಂದು ಮಿಲಿಮೀಟರ್ ದಪ್ಪವಿದ್ದರೆ ಒಂದು ಚದರ ಮೀಟರಿಗೆ ಸುಮಾರು 7.85 ಕಿಲೊ ತೂಗುತ್ತದೆ. 2.7 ಮೀಟರ್ ಉದ್ದ, 1.7 ಮೀಟರ್ ಅಗಲದ ಹಾಸಿಗೆ 3 ಮಿಲಿಮೀಟರ್ ತಗಡು ಹಾಕಿದರೆ ತಗಡಿನ ತೂಕವೇ 108 ಕಿಲೊ. 5 ಮಿಲಿಮೀಟರ್ ಹಾಕಿದರೆ 180 ಕಿಲೊ. ನಡುವಿನ ವ್ಯತ್ಯಾಸ 72 ಕಿಲೊ, ಅಂದರೆ 50 ಕಿಲೊದ ಸುಮಾರು ಒಂದೂವರೆ ಚೀಲ. ಗಾಡಿಗೆ ಕಂಪನಿ ನಿಗದಿ ಮಾಡಿದ ಒಟ್ಟು ತೂಕ ಬದಲಾಗುವುದಿಲ್ಲ. ಒಟ್ಟು 3,000 ಕಿಲೊ, ಖಾಲಿ ಗಾಡಿ 1,700 ಕಿಲೊ ಎಂದಿದ್ದರೆ ಹೊರಲು ಉಳಿಯುವುದು 1,300. ಬಾಡಿ 72 ಕಿಲೊ ಹೆಚ್ಚಾದರೆ ಸರಕು 72 ಕಿಲೊ ಕಡಿಮೆಯಾಗಲೇಬೇಕು. ವರ್ಷಕ್ಕೆ 200 ಲೋಡ್ ಹೊಡೆಯುವ ಗಾಡಿಯಲ್ಲಿ ಅದು 14 ಟನ್ನಿಗೂ ಮೀರುತ್ತದೆ. ಬಾಡಿಗೆ ಸಿಗದ, ಡೀಸೆಲ್ ಮಾತ್ರ ಕುಡಿಯುವ 14 ಟನ್. ಯಾರೂ ಸರಕು ಕಡಿಮೆ ಮಾಡುವುದಿಲ್ಲ ಎಂಬುದು ನಮಗೆಲ್ಲ ಗೊತ್ತು. ಹಾಗಾಗಿ ಆ ಹೆಚ್ಚುವರಿ ಭಾರ ಸೀದಾ ಸ್ಪ್ರಿಂಗ್, ಟಯರ್, ಬ್ರೇಕುಗಳ ಮೇಲೆ ಬೀಳುತ್ತದೆ.

ದಪ್ಪ ಕಡಿಮೆಯಾದರೆ ಹಾಸು ಬಗ್ಗುವುದಿಲ್ಲವೆ? ಬಗ್ಗುತ್ತದೆ, ಕೆಳಗಿನ ಅಡ್ಡಪಟ್ಟಿಗಳು ದೂರ ದೂರ ಇದ್ದರೆ. ಇಲ್ಲೊಂದು ಸರಳ ನಿಯಮವಿದೆ. ತಗಡಿನ ದಪ್ಪವನ್ನು ದ್ವಿಗುಣ ಮಾಡಿದರೆ ಸಮನಾಗಿ ಹರಡಿದ ಅದೇ ಭಾರಕ್ಕೆ ಅದು ಬಗ್ಗುವುದು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ದಪ್ಪ ಹಾಗೇ ಇಟ್ಟು, ಅಡ್ಡಪಟ್ಟಿಗಳ ನಡುವಿನ ಅಂತರವನ್ನು ಅರ್ಧಕ್ಕಿಳಿಸಿದರೆ ಬಗ್ಗುವುದು ಹದಿನಾರರಲ್ಲಿ ಒಂದು ಪಾಲು! 3 ಮಿಲಿಮೀಟರ್ ತಗಡನ್ನೇ 75 ಮಿಲಿಮೀಟರ್ ಎತ್ತರದ ಚಾನೆಲ್ಲಾಗಿ ಮಡಚಿದರೆ 1.7 ಮೀಟರಿನ ಒಂದು ಅಡ್ಡಪಟ್ಟಿ ಆರು ಕಿಲೊ ಚಿಲ್ಲರೆ ತೂಗುತ್ತದೆ. ಅಂಥ ಮೂರು ಪಟ್ಟಿ ಹೆಚ್ಚು ಹಾಕಿದರೂ ಇಪ್ಪತ್ತು ಕಿಲೊ ದಾಟುವುದಿಲ್ಲ. ಗಟ್ಟಿತನ ಬರುವುದು ಪಟ್ಟಿಗಳ ಜೋಡಣೆಯಿಂದ. ಶೆಡ್ಡಿಗೆ ಹೋದಾಗ ‘ಎಷ್ಟು ದಪ್ಪ’ ಎಂದು ಕೇಳುವ ಬದಲು ‘ಅಡ್ಡಪಟ್ಟಿ ಎಷ್ಟು ಅಂತರಕ್ಕೆ’ ಎಂದು ಕೇಳಬೇಕು.

ಈ ಲೆಕ್ಕ ನಮ್ಮ ಕೈಕಸುಬಿನವರಿಗೆ ತಿಳಿಯದ್ದೇನಲ್ಲ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿ, ಅಲ್ಲಿಂದ ಹೊರಟ ಲೇತುಗಳು ದೇಶದ ವರ್ಕ್‌ಶಾಪುಗಳನ್ನು ತಲುಪಿದವು. ಕಾರ್ಖಾನೆ ಮುಚ್ಚಿದೆ. ಆದರೆ ಅಳತೆಗೆ ಬೆಲೆ ಕೊಡುವ ಕೆಲಸ ಹೇಗಿರುತ್ತದೆ ಎಂಬುದನ್ನು ಹರಿಹರ, ದಾವಣಗೆರೆಯ ತಲೆಮಾರುಗಳು ಕಣ್ಣಾರೆ ಕಂಡಿವೆ. ಪಿ.ಬಿ. ರಸ್ತೆಯ ಬದಿಯಲ್ಲಿ ವೆಲ್ಡಿಂಗ್ ಕಿಡಿಯ ನಡುವೆ ಕೆಲಸ ಮಾಡುವವರಿಗೆ ಹಗುರವಾದ, ಸರಿಯಾದ ಹಾಸು ಮಾಡಿಕೊಡುವ ಕೈ ಇದೆ. ಕೇಳುವವರು ಬೇಕು.

ಇನ್ನು ಚಾಸಿ. ಹಳೆಯ ಬಾಡಿ ಇಳಿದ ದಿನ ಸಿಗುವ ಅವಕಾಶ ಗಾಡಿಯ ಆಯುಷ್ಯದಲ್ಲಿ ಮತ್ತೆ ಸಿಗುವುದು ಕಷ್ಟ. ಇಡೀ ಚಾಸಿ ಬಯಲಾಗಿರುತ್ತದೆ. ಅವತ್ತೇ ಹೊಸ ಹಾಸು ಕೂರಿಸುವ ಅವಸರ ಮಾಡಬಾರದು. ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಹೋದರೆ ಒಳ್ಳೆಯ ಉಕ್ಕು ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡುತ್ತದೆ. ಬಾಡಿ ಮತ್ತು ಚಾಸಿಯ ನಡುವೆ ಮರ ಅಥವಾ ರಬ್ಬರ್ ಪಟ್ಟಿ ಇದ್ದ ಜಾಗ, ಪಾಟಾ ಸ್ಪ್ರಿಂಗಿನ ಹ್ಯಾಂಗರ್ ಬೆಸೆದ ಜಾಗ, ಇವೆರಡನ್ನು ವಿಶೇಷವಾಗಿ ನೋಡಬೇಕು, ತೇವ ನಿಲ್ಲುವುದು ಅಲ್ಲೇ. ಅಪಘಾತವಾದ ಗಾಡಿಯಾದರೆ ಇನ್ನೊಂದು ಪರೀಕ್ಷೆ. ಗಾಡಿಯನ್ನು ಸಮತಟ್ಟು ನೆಲದ ಮೇಲೆ ನಿಲ್ಲಿಸಿ, ಚಾಸಿಯ ಎಡಬಲದಲ್ಲಿ ಒಂದಕ್ಕೊಂದು ಹೊಂದುವ ರಂಧ್ರಗಳಿಂದ, ಮುಂದೆ ಎರಡು ಹಿಂದೆ ಎರಡು, ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಸುಣ್ಣದ ಗುರುತು ಮಾಡಿ ಎರಡು ಕರ್ಣಗಳನ್ನು ಟೇಪಿನಿಂದ ಅಳೆಯಬೇಕು. ಎರಡೂ ಒಂದೇ ಬಂದರೆ ಚಾಸಿ ಅಡ್ಡಕ್ಕೆ ಓರೆಯಾಗಿಲ್ಲ ಎಂದರ್ಥ, ಮೇಲೆ ಕೆಳಗೆ ಬಾಗಿದ್ದು ಮಾತ್ರ ಇದರಲ್ಲಿ ಕಾಣುವುದಿಲ್ಲ. ವ್ಯತ್ಯಾಸ ಬಂದರೆ ಚಾಸಿ ಕೊಂಕಿದೆ. ಆಗ ಮೊದಲು ಖರ್ಚು ಮಾಡಬೇಕಾದ್ದು ಅದಕ್ಕೆ, ಹಾಸು ಆಮೇಲೆ. ಕೊಂಕಿದ ಚಾಸಿಯ ಮೇಲೆ ಚಂದದ ಹಾಸು ಕೂರಿಸಿ ಹೆದ್ದಾರಿಗೆ ಬಿಡುವುದು ದುಡ್ಡಿನ ಪ್ರಶ್ನೆಯಲ್ಲ, ಜೀವದ ಪ್ರಶ್ನೆ.

ಹಾಸನ್ನು ಚಾಸಿಗೆ ಹಿಡಿಸುವ ಬಗೆಯಲ್ಲಿ ಬಹಳಷ್ಟು ಕೆಲಸ ಕೆಡುತ್ತದೆ. ಸುಲಭದ ದಾರಿ ಎಂದು ಅಡ್ಡಪಟ್ಟಿಗಳನ್ನು ನೇರವಾಗಿ ಚಾಸಿಗೆ ವೆಲ್ಡ್ ಮಾಡಿಬಿಡುತ್ತಾರೆ. ಮಾಡಕೂಡದು. ಚಾಸಿಯ ಎರಡು ಉದ್ದ ಚಾನೆಲ್‌ಗಳು ಭಾರಕ್ಕೆ ಬಾಗುವಾಗ ಅತಿ ಹೆಚ್ಚು ಒತ್ತಡ ಹೊರುವುದು ಅವುಗಳ ಮೇಲಿನ ಮತ್ತು ಕೆಳಗಿನ ತುಟಿ. ನಡುವಿನ ಲಂಬ ಭಾಗದ ಮಧ್ಯದಲ್ಲಿ ಒತ್ತಡ ಕಡಿಮೆ. ಮೇಲಿನ ತುಟಿಗೆ ವೆಲ್ಡ್ ಮಾಡಿದರೆ ಆ ಕಾವಿಗೆ ಸುತ್ತಲಿನ ಉಕ್ಕಿನ ಗುಣವೇ ಬದಲಾಗುತ್ತದೆ, ವೆಲ್ಡಿನ ಅಂಚಿನಿಂದ ಕೂದಲೆಳೆಯ ಬಿರುಕು ಹುಟ್ಟುತ್ತದೆ. ಸಾವಿರಾರು ಕುಲುಕಾಟದ ನಂತರ ಒಂದು ದಿನ ಆ ಬಿರುಕು ಪೂರ್ತಿ ತೆರೆದುಕೊಳ್ಳುತ್ತದೆ. ತುಟಿಗೆ ರಂಧ್ರ ಕೊರೆಯುವುದೂ ಅಷ್ಟೇ ಅಪಾಯ.

ಸರಿಯಾದ ದಾರಿ ಬೋಲ್ಟು. ಚಾಸಿಯ ಲಂಬ ಭಾಗದಲ್ಲಿ ಕಂಪನಿಯೇ ಬಿಟ್ಟ ರಂಧ್ರ ಅಥವಾ ಬ್ರಾಕೆಟ್ ಇದ್ದರೆ ಅವನ್ನೇ ಬಳಸಬೇಕು. ಇಲ್ಲದಿದ್ದರೆ ಯು ಬೋಲ್ಟ್. ಯು ಬೋಲ್ಟ್ ಬಿಗಿಯುವಾಗ ಚಾನೆಲ್ಲಿನ ತುಟಿಗಳು ಒಳಕ್ಕೆ ಬಾಗದಂತೆ ನಡುವೆ ಒಂದು ಉಕ್ಕಿನ ತುಂಡನ್ನು ಆನಿಕೆಯಾಗಿ ಕೊಡಬೇಕು. ಕೆಲವರು ಮರದ ತುಂಡು ಇಡುತ್ತಾರೆ, ಸೈಲೆನ್ಸರ್ ಹತ್ತಿರ ಮಾತ್ರ ಮರ ಸಲ್ಲದು. ಇನ್ನೊಂದು ಸೂಕ್ಷ್ಮ: ಏಣಿಯಂಥ ಈ ಚಾಸಿ ಹೊಲದ ದಾರಿಯಲ್ಲಿ ತಿರುಚಿಕೊಳ್ಳುತ್ತದೆ, ಹಾಗೆ ತಿರುಚಿಕೊಳ್ಳುವಂತೆಯೇ ಅದನ್ನು ಮಾಡಿರುತ್ತಾರೆ. ಹಾಸನ್ನು ಎಲ್ಲ ಕಡೆಯೂ ಬಿಗಿಯಾಗಿ ಕಟ್ಟಿಹಾಕಿದರೆ ತಿರುಚುವ ಬಲವೆಲ್ಲ ಕ್ಯಾಬಿನ್ನಿನ ಹಿಂದಿನ ಒಂದೇ ಜಾಗದಲ್ಲಿ ಸೇರಿ ಅಲ್ಲೇ ಚಾಸಿ ಬಿರಿಯುತ್ತದೆ. ಅದಕ್ಕೇ ಹಿಂದಿನ ಹಿಡಿತ ಬಿಗಿ, ಮುಂದಿನ ಹಿಡಿತದಲ್ಲಿ ರಬ್ಬರ್ ಅಥವಾ ಸ್ಪ್ರಿಂಗ್ ಇಟ್ಟು ಸ್ವಲ್ಪ ಆಡಲು ಅವಕಾಶ. ಹಾಸಿನ ಕೆಳಗಿನ ಉದ್ದ ಚಾನೆಲ್ಲಿನ ಮುಂದಿನ ತುದಿಯನ್ನು ನೇರವಾಗಿ ಕತ್ತರಿಸದೆ ಇಳಿಜಾರಾಗಿ ಕತ್ತರಿಸಬೇಕು, ಆಗ ಭಾರ ಒಮ್ಮೆಲೇ ಒಂದು ಗೆರೆಯ ಮೇಲೆ ಕೂರುವುದಿಲ್ಲ.

ಯಾವ ವೆಲ್ಡಿಂಗ್ ಆದರೂ ಹಾಸನ್ನು ಗಾಡಿಯಿಂದ ಇಳಿಸಿಟ್ಟು ಮಾಡುವುದು ಉತ್ತಮ. 2020ರ ಏಪ್ರಿಲ್ ನಂತರ ಬಂದ ಬಿಎಸ್-6 ಗಾಡಿಗಳಲ್ಲಿ ಇದು ಇನ್ನೂ ಮುಖ್ಯ. ಎಂಜಿನ್ ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ ವೆಲ್ಡಿಂಗ್ ಕರೆಂಟಿಗೆ ಸುಟ್ಟುಹೋದರೆ ಉಳಿಸಿದ ಹಣವೆಲ್ಲ ಅಲ್ಲಿಗೆ ಹೋಗುತ್ತದೆ. ಗಾಡಿಯ ಮೇಲೆಯೇ ಮಾಡಲೇಬೇಕಾದರೆ ಬ್ಯಾಟರಿಯ ಸಂಪರ್ಕ ಕಳಚಿ, ಅರ್ಥಿಂಗ್ ಕ್ಲಿಪ್ಪನ್ನು ವೆಲ್ಡಿಂಗ್ ಜಾಗದ ಪಕ್ಕದಲ್ಲೇ ಹಾಕಿ, ಚಾಸಿಯ ಪಕ್ಕದಲ್ಲಿ ಹರಿದಿರುವ ಬ್ರೇಕ್ ಪೈಪು, ಡೀಸೆಲ್ ಪೈಪುಗಳನ್ನು ಮುಚ್ಚಿಕೊಳ್ಳಬೇಕು.

ಹಾಸಿನ ಉದ್ದದ ಬಗ್ಗೆ ಆಸೆ ಎಲ್ಲರಿಗೂ ಇರುತ್ತದೆ. ‘ಹೇಗೂ ಹೊಸದು ಮಾಡಿಸ್ತಾ ಇದೀವಿ, ಹಿಂದಕ್ಕೆ ಒಂದಡಿ ಬಿಟ್ಟುಬಿಡಿ’ ಎನ್ನುತ್ತಾರೆ. ಬಂಡಿ ಹೊಡೆದವರಿಗೆ ಹಿಂಭಾರ ಎಂದರೇನೆಂದು ಗೊತ್ತು. ಭಾರ ಹಿಂದಕ್ಕೆ ಜಾರಿದರೆ ಮೂಕಿ ಮೇಲೇಳುತ್ತದೆ, ಎತ್ತಿನ ಕೊರಳು ಬಿಗಿಯುತ್ತದೆ. ಪಿಕಪ್‌ನಲ್ಲಿ ಮೇಲೇಳುವುದು ಮುಂದಿನ ಚಕ್ರ. ಚಕ್ರಗಳ ನಡುವಿನ ಅಂತರ 3 ಮೀಟರ್ ಇರುವ ಗಾಡಿಯಲ್ಲಿ, ಹಿಂದಿನ ಆಕ್ಸಲ್‌ಗಿಂತ ಒಂದು ಮೀಟರ್ ಹಿಂದೆ 300 ಕಿಲೊ ಇಟ್ಟರೆ ಮುಂದಿನ ಚಕ್ರಗಳ ಮೇಲಿನ ಭಾರದಲ್ಲಿ 100 ಕಿಲೊ ಕಡಿಮೆಯಾಗುತ್ತದೆ. ಸ್ಟೇರಿಂಗ್ ಹಗುರಾಗುತ್ತದೆ, ಮಳೆಯ ರಸ್ತೆಯಲ್ಲಿ ಗಾಡಿ ತಿರುಗಬೇಕಾದಲ್ಲಿ ತಿರುಗುವುದಿಲ್ಲ, ಹೆಡ್‌ಲೈಟು ಎದುರಿನವರ ಕಣ್ಣಿಗೆ ಬಡಿಯುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಾವಳಿಯ 93ನೇ ನಿಯಮ ಹಿಂದಿನ ಚಾಚಿಗೆ ಮಿತಿ ಹಾಕಿದೆ, ಚಕ್ರಾಂತರದ ಶೇ 60. ಅಂದರೆ 3 ಮೀಟರಿಗೆ 1.8 ಮೀಟರ್. ಆದರೆ ಆ ಮಿತಿಯ ತುದಿಯವರೆಗೆ ಹೋಗುವ ಅಗತ್ಯವೇ ಇಲ್ಲ. ಹಳೆಯ ಬಾಡಿಯ ಉದ್ದ ಅಗಲವನ್ನೇ ಉಳಿಸಿಕೊಳ್ಳುವುದು ಎಲ್ಲ ದೃಷ್ಟಿಯಿಂದಲೂ ಒಳ್ಳೆಯದು. ಅದರ ಕಾನೂನಿನ ಕಾರಣಕ್ಕೆ ಆಮೇಲೆ ಬರುತ್ತೇನೆ.

ಮಗ್ಗುಲ ಗೋಡೆ ಹೋದ ಮೇಲೆ ಸರಕನ್ನು ಹಿಡಿದಿಡುವುದು ಮುಖ್ಯವಾಗಿ ಹಗ್ಗ ಮತ್ತು ಬೆಲ್ಟು. ಸರಕು ಕಟ್ಟುವ ಯುರೋಪಿನ ಮಾನಕದ ಪ್ರಕಾರ ಕಟ್ಟು ಸರಕಿನ ತೂಕದ ಶೇ 80ರಷ್ಟು ಬಲವನ್ನು ಮುಂದಿನ ದಿಕ್ಕಿಗೆ, ಶೇ 50ರಷ್ಟನ್ನು ಪಕ್ಕಕ್ಕೆ ಮತ್ತು ಹಿಂದಕ್ಕೆ ತಡೆಯಬೇಕು. ಸಾವಿರ ಕಿಲೊ ಸರಕಿದ್ದರೆ, ಜೋರು ಬ್ರೇಕಿಗೆ 800 ಕಿಲೊ ತೂಕದಷ್ಟು ಬಲ ಕ್ಯಾಬಿನ್ನಿನ ಕಡೆಗೆ ನುಗ್ಗಬಹುದು. ಆದ್ದರಿಂದ ಕ್ಯಾಬಿನ್ ಹಿಂದೆ ಗಟ್ಟಿಯಾದ ತಡೆಗೋಡೆ ಇಲ್ಲದ ಹಾಸನ್ನು ಯಾರೂ ಒಪ್ಪಿಕೊಳ್ಳಬಾರದು. ತೂಕ ಉಳಿಸುವ ಮಾತು ಇಷ್ಟು ಹೇಳಿದೆ, ಈ ಒಂದು ಕಡೆ ಮಾತ್ರ ಉಳಿಸಬೇಡಿ. ಅಂಚಿನುದ್ದಕ್ಕೂ ಹುಕ್ಕುಗಳು ಹತ್ತಿರ ಹತ್ತಿರ ಇರಲಿ, ಅವು ತಗಡಿಗೆ ಬೆಸೆದಿರದೆ ಕೆಳಗಿನ ಅಡ್ಡಪಟ್ಟಿಗೆ ಹಿಡಿದಿರಲಿ. ಮೂರೂ ಕಡೆ ಕಳಚಿಡಬಹುದಾದ ಗಿಡ್ಡ ಡೋರು, ಗೂಟ ನಿಲ್ಲಿಸಲು ಚೌಕ ಕಿಂಡಿ ಇದ್ದರೆ ನಮ್ಮ ಎಲ್ಲ ಸರಕಿಗೂ ಸಾಕು. ಮಂಡಕ್ಕಿ ಚೀಲಕ್ಕೆ ತೂಕವಿಲ್ಲ, ಗಾತ್ರವಿದೆ. ಗೂಟ ನೆಟ್ಟು ಬಲೆ ಹೊದಿಸಿದರೆ ಸರಿ. ಅಡಿಕೆ, ಮೆಕ್ಕೆಜೋಳದ ಚೀಲಕ್ಕೆ ಗಿಡ್ಡ ಡೋರು. ದನಕ್ಕೆ ಮಾತ್ರ ಎತ್ತರದ ಕಟಕಟೆ ಕಟ್ಟದೆ ಗಾಡಿ ಹೊರಡಕೂಡದು. ಸರಕು ಅಂಚಿನಿಂದ ಪಕ್ಕಕ್ಕೆ, ಹಿಂದಕ್ಕೆ ಮಿತಿ ಮೀರಿ ಚಾಚಿದರೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ನೇ ಕಲಮು 20,000 ರೂಪಾಯಿ ದಂಡ ಹೇಳುತ್ತದೆ. ಅತಿಭಾರಕ್ಕೂ ಅಷ್ಟೇ, ಜೊತೆಗೆ ಹೆಚ್ಚಿನ ಪ್ರತಿ ಟನ್ನಿಗೆ 2,000.

ಸರಕು ಕಟ್ಟಬಹುದು, ಜನರನ್ನು ಕಟ್ಟಲಾಗದು. ಕಳೆ ತೆಗೆಯುವ, ನಾಟಿ ಹಾಕುವ ಹೆಣ್ಣಾಳುಗಳು ಬೆಳಗ್ಗೆ ಸರಕು ಗಾಡಿಯ ಹಿಂದೆ ನಿಂತು ಹೊಲಕ್ಕೆ ಹೋಗುವುದನ್ನು ನಮ್ಮ ತಾಲ್ಲೂಕಿನ ಯಾವ ರಸ್ತೆಯಲ್ಲೂ ಕಾಣಬಹುದು. ಜಾತ್ರೆ, ಮದುವೆಗೂ ಅದೇ ಗಾಡಿ. ತೊಟ್ಟಿ ಬಾಡಿಯಲ್ಲಿ ಹಿಡಿಯಲು ಕನಿಷ್ಠ ಒಂದು ಗೋಡೆಯಿತ್ತು. ಸಪಾಟು ಹಾಸಿನ ಮೇಲೆ ಅದೂ ಇಲ್ಲ. ಸರಕು ವಾಹನದಲ್ಲಿ ಹೀಗೆ ಪ್ರಯಾಣಿಸಿದವರಿಗೆ ವಿಮಾ ಕಂಪನಿ ಪರಿಹಾರ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ ಆಶಾ ರಾಣಿ ಪ್ರಕರಣದಲ್ಲಿ 2002ರಲ್ಲೇ ಹೇಳಿದೆ. ದಿನಗೂಲಿಯ ಮನೆಯಲ್ಲಿ ದುಡಿಯುವ ಜೀವ ಹೋದರೆ ಆ ಕುಟುಂಬಕ್ಕೆ ಏನೂ ಸಿಗದೇ ಹೋಗಬಹುದು, ಸಿಕ್ಕರೂ ಅದು ಗಾಡಿ ಮಾಲೀಕರ ಮನೆ ಹೊಲ ಮಾರಿ ಬರಬೇಕು. ಫ್ಲ್ಯಾಟ್‌ಬೆಡ್ ಹಾಕಿಸುವವರು ಅದೇ ದಿನ ಆಳುಗಳ ಸಾಗಾಟಕ್ಕೆ ಬೇರೆ ದಾರಿ ಗೊತ್ತುಮಾಡಿಕೊಳ್ಳಲೇಬೇಕು.

ಕಾಗದಪತ್ರ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ, ನೋಂದಣಿ ಪತ್ರದಲ್ಲಿರುವ ವಿವರಗಳಿಗೆ ಹೊಂದದಂತೆ ಮಾಲೀಕರು ಗಾಡಿಯನ್ನು ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಖಚಿತಪಡಿಸಿತು. ಅನುಮತಿಯಿಲ್ಲದ ಬದಲಾವಣೆಗೆ 182ಎ ಕಲಮಿನಡಿ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಆರ್‌ಸಿಯಲ್ಲಿ ಬಾಡಿಯ ಬಗೆ, ಖಾಲಿ ತೂಕ ಎರಡೂ ನಮೂದಾಗಿರುತ್ತವೆ. ಹಾಗಾಗಿ ಹಳೆಯ ಬಾಡಿಗೆ ಗ್ಯಾಸ್ ಕಟರ್ ಹಚ್ಚುವ ಮೊದಲೇ ದಾವಣಗೆರೆಯ ಆರ್‌ಟಿಒ ಕಚೇರಿಗೆ ಅಳತೆ ನಕ್ಷೆಯೊಂದಿಗೆ ಅರ್ಜಿ ಕೊಟ್ಟು ಲಿಖಿತ ಒಪ್ಪಿಗೆ ಪಡೆಯಬೇಕು. ಉದ್ದ, ಅಗಲ, ತೆರೆದ ಬಾಡಿ ಎಂಬ ಬಗೆ ಹಿಂದಿನಂತೆಯೇ ಇದ್ದರೆ ಒಪ್ಪಿಗೆಯ ದಾರಿ ಸಲೀಸು. ಅಳತೆ ಉಳಿಸಿಕೊಳ್ಳಿ ಎಂದದ್ದು ಇದಕ್ಕೇ. ಗಾಡಿಯ ಮೇಲೆ ಸಾಲವಿದ್ದರೆ ಫೈನಾನ್ಸಿನವರ ಒಪ್ಪಿಗೆಯೂ ಬೇಕು, ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ ಅದರ ಸ್ವೀಕೃತಿ ಇಟ್ಟುಕೊಳ್ಳಬೇಕು. ಕೆಲಸ ಮುಗಿದ 14 ದಿನದೊಳಗೆ ಆರ್‌ಟಿಒಗೆ ವರದಿ ಮಾಡಿ ಆರ್‌ಸಿಯಲ್ಲಿ ಬದಲಾವಣೆ ಬರೆಸಬೇಕು. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಫಿಟ್‌ನೆಸ್ ತಪಾಸಣೆ, ಅಂದರೆ ಎಫ್‌ಸಿ ಆಗಬೇಕು, ಬರೆಸದ ಬದಲಾವಣೆ ಅಲ್ಲಿ ಸಿಕ್ಕಿಬೀಳುತ್ತದೆ. ಹಿಂದಿನ ದೀಪ, ನಂಬರ್ ಪ್ಲೇಟು, ಹೊಳೆಯುವ ಪಟ್ಟಿಗಳನ್ನು ಹೊಸ ಹಾಸಿನಲ್ಲಿ ಕಾಣುವಂತೆ ಹಚ್ಚಿದ್ದೂ ಅಲ್ಲೇ ಪರೀಕ್ಷೆಯಾಗುತ್ತದೆ. ರಾತ್ರಿ ಹೆದ್ದಾರಿಯಲ್ಲಿ ನಿಂತ ಫ್ಲ್ಯಾಟ್‌ಬೆಡ್ ಹಿಂದಿನಿಂದ ಒಂದು ತೆಳು ಗೆರೆಯಷ್ಟೇ ಕಾಣುತ್ತದೆ, ಆ ಪಟ್ಟಿ ಇಲ್ಲದಿದ್ದರೆ ಅದೂ ಇಲ್ಲ.

ಬಾಡಿ ಇಳಿಸುವ ಮುಂಚೆ ಒಮ್ಮೆ, ಹಾಸು ಕೂತ ಮೇಲೆ ಒಮ್ಮೆ, ಡೀಸೆಲ್ ಮಟ್ಟ ಒಂದೇ ಇರುವಂತೆ ನೋಡಿಕೊಂಡು ವೇಬ್ರಿಡ್ಜಿನಲ್ಲಿ ಖಾಲಿ ಗಾಡಿ ತೂಗಿಸಿ. ಮುಂದಿನ ಚಕ್ರ ಮಾತ್ರ ಹತ್ತಿಸಿ ಇನ್ನೊಂದು ಚೀಟಿ ತೆಗೆಸಿದರೆ ಭಾರ ಮುಂದೆಷ್ಟು ಹಿಂದೆಷ್ಟು ಎಂಬುದೂ ಗೊತ್ತಾಗುತ್ತದೆ. ಶೆಡ್ಡಿನವರ ಜೊತೆ ಬಾಕಿ ಲೆಕ್ಕ ಮುಗಿಸುವುದು ಆ ಚೀಟಿ ಕೈಗೆ ಬಂದ ಮೇಲೆ. ಮೊದಲ ಪೂರ್ತಿ ಲೋಡು ಹೊತ್ತು ಬಂದ ದಿನ ಪ್ರತಿ ಯು ಬೋಲ್ಟಿನ ನಟ್ಟನ್ನು ಮತ್ತೆ ಬಿಗಿಸಬೇಕು, ಏಕೆಂದರೆ ಹೊಸ ಬಣ್ಣ, ರಬ್ಬರು, ಮರ ಎಲ್ಲ ಅದುಮಿಕೊಂಡು ನಟ್ಟು ಸಡಿಲಾಗಿರುತ್ತದೆ. ಬಿಗಿಸಿದ ಮೇಲೆ ನಟ್ಟಿನಿಂದ ಬೋಲ್ಟಿನ ಮೇಲೆ ಹಾದುಹೋಗುವಂತೆ ಬಿಳಿ ಬಣ್ಣದ ಒಂದು ಗೀಟು ಎಳೆದರೆ, ಮುಂದೆ ಗಾಡಿ ತೊಳೆಯುವಾಗ ಗೀಟು ತುಂಡಾಗಿದೆಯೇ ಎಂದು ಯಾರು ಬೇಕಾದರೂ ನೋಡಬಹುದು.